ಅಡ್ಡಹೆಸರು ಮಾರ್ಕ್‌ಗ್ರಾಫ್ ಅಂತಿದ್ದರೆ ದೊರೆಮನೆತನ ಅಂತಲೇ ಅರ್ಥವಾ?

ಮೂರನೇ ಮಹಡಿ:

ಲೈಪ್‌ಜಿಗ್‌ಗೆ ಬಂದು ಇದು ಮೂರನೇ ವರ್ಷ. ನನ್ನ ಜರ್ಮನ್ ಹೇಗಿದೆ ಅಂದರೆ, ಅಂಗಡಿಯಲ್ಲಿ ಬೇಕಾದ್ದು ಕೇಳಬಲ್ಲೆ, ಬಾಡಿಗೆ ಕರಾರು ಅರ್ಧ ಅರ್ಥವಾಗುತ್ತದೆ. ಚರಿತ್ರೆಯಲ್ಲಿ ಮಾತ್ರ ಪೂರ್ತಿ ಸೊನ್ನೆ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ಬೈಕೋಬೇಡಿ.

ನಮ್ಮ ಕಟ್ಟಡದ ಕೆಳಗಿನ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ವಯಸ್ಸು ಎಂಬತ್ತರ ಹತ್ತಿರ. ಅಂಚೆ ಡಬ್ಬಿ ಮೇಲೆ ಬರೀ 'ಮಾರ್ಕ್‌ಗ್ರಾಫ್' ಅಂತಿದೆ. ಮೊದಲ ಸಲ ಓದಿದಾಗ ನನಗೆ ನಮ್ಮ 'ಮಾರ್ಗ'ವೇ ನೆನಪಾಯಿತು. ಇವರ ಹಿರಿಯರು ರಸ್ತೆ ಕಾಯುವವರೋ, ಸುಂಕ ವಸೂಲಿಯವರೋ ಇರಬೇಕು ಅಂದುಕೊಂಡು ಸುಮ್ಮನಾಗಿದ್ದೆ.

ಹೋದ ತಿಂಗಳು ಅವರ ನೆಲಮಾಳಿಗೆಯಿಂದ ನಾಲ್ಕು ಪೆಟ್ಟಿಗೆ ಮೇಲೆ ತಂದುಕೊಟ್ಟೆ. ಒಂದರ ತುಂಬಾ ಹಳೇ ಕಾಗದ. ಕಾಫಿ ಕೊಟ್ಟು ಕೂರಿಸಿಕೊಂಡು ಒಂದು ಜೆರಾಕ್ಸ್ ಹಾಳೆ ತೋರಿಸಿದರು. ಅವರ ಗಂಡನ ಕಡೆಯವರ ಊರು ಎರ್ಟ್ಸ್‌ಗೆಬಿರ್ಗ ಬೆಟ್ಟಸಾಲಿನ ಒಂದು ಹಳ್ಳಿ. ಅಲ್ಲಿನ ಚರ್ಚಿನಲ್ಲಿ ಸತ್ತವರ ಹೆಸರು ಬರೆದಿಡುವ ಪುಸ್ತಕದ ಒಂದು ಪುಟ ಅದು. 1772ರದ್ದು. ಅಕ್ಷರ ಕೋಳಿ ಕೆದಕಿದ ಹಾಗಿದೆ. ಅಜ್ಜಿ ಬೆರಳಿಟ್ಟ ಜಾಗದಲ್ಲಿ ಮಾತ್ರ ಯಾರೋ ಪೆನ್ಸಿಲ್‌ನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ಈಗಿನ ಅಕ್ಷರದಲ್ಲಿ ಬರೆದಿದ್ದಾರೆ: 'ಮಾರ್ಗ್‌ಗ್ರೇಫಿನ್'.

ನಿಘಂಟು ತೆಗೆದೆ. ಮಾರ್ಕ್‌ಗ್ರೇಫಿನ್ ಅಂದರೆ ಮಾರ್ಕ್‌ಗ್ರಾಫನ ಹೆಂಡತಿ, ಗಡಿಸೀಮೆಯ ದೊರೆಸಾನಿ. ನನಗೆ ಮೈ ಜುಮ್ ಅಂತು! ಅಜ್ಜಿಯ ಗಂಡ ಸಾಯುವವರೆಗೂ ಇದನ್ನೇ ಹೇಳಿಕೊಂಡು ಬಂದಿದ್ದರಂತೆ. ನಮ್ಮದು ದೊರೆಮನೆತನ, ಯಾವುದೋ ಯುದ್ಧದಲ್ಲಿ ಎಲ್ಲ ಕಳಕೊಂಡು ಹಳ್ಳಿ ಸೇರಿದೆವು ಅಂತ. ಮೊಮ್ಮಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾನೆ. ಯಾವುದೋ ಜಾಲತಾಣಕ್ಕೆ 89 ಯೂರೊ ಕಟ್ಟಿ 'ಮಾರ್ಕ್‌ಗ್ರಾಫ್ ವಂಶದ ಲಾಂಛನ' ತರಿಸಿದ್ದಾನೆ. ಚೌಕಟ್ಟು ಹಾಕಿ ಗೋಡೆ ಮೇಲೆ ನೇತುಹಾಕಿದ್ದಾರೆ. ಕೆಂಪು ಹದ್ದು, ಮೇಲೊಂದು ಕಿರೀಟ.

ನನ್ನ ಪ್ರಶ್ನೆ: ಈ ಮಾರ್ಕ್‌ಗ್ರಾಫ್ ಅಂದರೆ ಸರಿಯಾಗಿ ಯಾರು? ಹೆಸರಿನಲ್ಲೊಂದು ಕಡೆ 'ಕ', ಇನ್ನೊಂದು ಕಡೆ 'ಗ' ಯಾಕೆ? ಅಜ್ಜಿ ಮನೆಯವರು ನಿಜವಾಗಿ ದೊರೆಗಳಾ? ಅಜ್ಜಿಗೆ ಉತ್ತರ ಕೊಡುತ್ತೇನೆ ಅಂತ ಒಪ್ಪಿಕೊಂಡುಬಿಟ್ಟಿದ್ದೇನೆ.

ಸುಮ್ನೆ ಓದುಗ:

ಇದರಲ್ಲಿ ಕೇಳೋದೇನಿದೆ? ದೇಸಾಯಿ, ನಾಡಗೌಡ ಅಂತ ಹೆಸರಿದ್ದವರ ಹಿರಿಯರು ಆ ಅಧಿಕಾರ ನಡೆಸಿದ್ದರು, ಅದೇ ಅಡ್ಡಹೆಸರಾಯಿತು. ಇದೂ ಹಾಗೇ. ಅಜ್ಜಿಗೆ ನಮಸ್ಕಾರ ಹೇಳಿ. ಸಾಧ್ಯವಾದರೆ ಬಗ್ಗಿ.

ಹಳೇ ಕಾಗದ:

ಮೊಮ್ಮಗನ 89 ಯೂರೊ ಹೋಯಿತು.

ನಾನು ಕಾರ್ಲ್ಸ್‌ರೂಹೆಯಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಹಳೇ ಚರ್ಚ್ ಪುಸ್ತಕ ಓದುವುದು ನನಗೆ ಅಂಟಿಕೊಂಡ ಚಟ. ಹಿಡಿಸಿದ್ದು ನನ್ನ ಹೆಂಡತಿಯ ಅಡ್ಡಹೆಸರು: ಕೈಸರ್. ಅಂದರೆ ಚಕ್ರವರ್ತಿ! ಏಳು ತಲೆಮಾರು ಹಿಂದಕ್ಕೆ ಹೋದೆ. ಎಲ್ಲರೂ ಪೀಪಾಯಿ ಮಾಡುವವರು. ನಡುವೆ ಒಬ್ಬ ಮಾತ್ರ ಹೆಂಡದಂಗಡಿ ಇಟ್ಟು ಸಾಲ ಮಾಡಿದ್ದ. ಚಕ್ರವರ್ತಿಯ ಸುಳಿವೇ ಇಲ್ಲ.

ಮೇಲೆ ಓದುಗರು ಹೇಳಿದ ದೇಸಾಯಿ ಹೋಲಿಕೆ ಚೆನ್ನಾಗಿದೆ, ಆದರೆ ಇಲ್ಲಿ ಅದು ತಲೆಕೆಳಗು. ಜರ್ಮನಿಯಲ್ಲಿ ಬರೀ ಮಾರ್ಕ್‌ಗ್ರಾಫ್ ಅಂತ ಅಡ್ಡಹೆಸರಿದ್ದರೆ, ಅವರ ಹಿರಿಯ ಮಾರ್ಕ್‌ಗ್ರಾಫ್ ಆಗಿರಲಿಲ್ಲ ಅಂತಲೇ ಹೆಚ್ಚುಕಮ್ಮಿ ಅರ್ಥ. ಯಾಕೆ ಅಂತ ಹೇಳುತ್ತೇನೆ. ಅದಕ್ಕೆ ಮೊದಲು ಮಾರ್ಕ್‌ಗ್ರಾಫ್ ಯಾರು ಅನ್ನೋದು.

'ಮಾರ್ಕ್' ಅಂದರೆ ಎಲ್ಲೆ, ಗಡಿಸೀಮೆ. ಡೆನ್ಮಾರ್ಕ್‌ನಲ್ಲಿರುವುದೂ ಅದೇ ಮಾರ್ಕ್. ನಿಮ್ಮ 'ಮಾರ್ಗ' ಕೇಳಲು ಚೆಂದ, ಆದರೆ ಇಲ್ಲಿ ಅದಕ್ಕೆ ಕೆಲಸ ಇಲ್ಲ. 'ಗ್ರಾಫ್' ಅಂದರೆ ರಾಜನ ಪರವಾಗಿ ಒಂದು ಸೀಮೆ ನೋಡಿಕೊಳ್ಳುವವನು. 800ರ ಆಸುಪಾಸಿನಲ್ಲಿ ಶಾರ್ಲ್‌ಮೇನ್, ಜರ್ಮನ್ನರ ಬಾಯಲ್ಲಿ ಕಾರ್ಲ್, ರಾಜ್ಯದ ಅಂಚುಗಳಲ್ಲಿ ಇಂಥ ಮಾರ್ಕ್‌ಗಳನ್ನು ಮಾಡಿದ. ಒಳನಾಡಿನ ಗ್ರಾಫ್ ಏನು ಮಾಡಬೇಕಿದ್ದರೂ ರಾಜನ ಮುಖ ನೋಡಬೇಕು. ಗಡಿಯಲ್ಲಿರುವವನು ಹಾಗೆ ಕಾಯುತ್ತಾ ಕೂತರೆ ಅಷ್ಟರಲ್ಲಿ ಊರು ಸುಟ್ಟುಹೋಗಿರುತ್ತದೆ. ಆದ್ದರಿಂದ ಮಾರ್ಕ್‌ಗ್ರಾಫನಿಗೆ ತಾನೇ ದಂಡು ಕಟ್ಟುವ, ಕೋಟೆ ಕಟ್ಟುವ, ನ್ಯಾಯ ಹೇಳುವ ಅಧಿಕಾರ ಜಾಸ್ತಿ ಇತ್ತು. ಸೀಮೆಯೂ ದೊಡ್ಡದು. ಫ್ರೆಂಚರ ಮಾರ್ಕಿ, ಇಟಲಿಯ ಮಾರ್ಕೆಸೆ ಎಲ್ಲ ಇದೇ ಬೇರಿನವು.

ಈ ಗಡಿಸೀಮೆಗಳು ಆಮೇಲೆ ದೇಶಗಳೇ ಆದವು. 976ರಲ್ಲಿ ಬಾಬೆನ್‌ಬೆರ್ಗ್ ಮನೆತನದವನೊಬ್ಬನಿಗೆ ಕೊಟ್ಟ ಪೂರ್ವದ ಮಾರ್ಕ್ ಇವತ್ತಿನ ಆಸ್ಟ್ರಿಯಾ. 1157ರಲ್ಲಿ 'ಕರಡಿ' ಅಂತ ಹೆಸರಾದ ಆಲ್ಬ್ರೆಕ್ಟ್ ಹಿಡಿದ ಬ್ರಾಂಡೆನ್‌ಬುರ್ಗ್ ಮುಂದೆ ಪ್ರಷ್ಯಾಕ್ಕೆ ಬೇರು. ನಿಮ್ಮ ಕಡೆಯದು ಮೈಸೆನ್. ಎಲ್ಬೆ ನದಿ ಮೇಲಿನ ಗುಡ್ಡದಲ್ಲಿ 929ರಲ್ಲಿ ಕಟ್ಟಿದ ಕೋಟೆಯಿಂದ ಶುರು. ನೀವಿರುವ ಲೈಪ್‌ಜಿಗ್‌ಗೆ 1165ರ ಸುಮಾರಿಗೆ ಪಟ್ಟಣದ ಹಕ್ಕು ಕೊಟ್ಟವನೂ ಮೈಸೆನ್ನಿನ ಮಾರ್ಕ್‌ಗ್ರಾಫ್ ಓಟೊನೇ. ಅಂದರೆ ದಿನಾ ಒಬ್ಬ ಮಾರ್ಕ್‌ಗ್ರಾಫನ ಊರಲ್ಲೇ ಓಡಾಡುತ್ತಿದ್ದೀರಿ.

ತಮಾಷೆ ಏನಂದರೆ, ಗಡಿ ಮುಂದೆ ಹೋಯಿತು, ಪಟ್ಟ ಅಲ್ಲೇ ಉಳಿಯಿತು. ನಮ್ಮ ಬಾಡೆನ್ನನ್ನೇ ನೋಡಿ. ಈ ಮನೆತನದ ಹಿರಿಯನ ಮಾರ್ಕ್ ಇದ್ದದ್ದು ಇಟಲಿಯ ವೆರೋನಾದಲ್ಲಿ. ಅಲ್ಲಿನ ಪಟ್ಟವನ್ನು ಹೊತ್ತುಕೊಂಡು ಬಂದು 1112ರ ಹೊತ್ತಿಗೆ ಹೆರ್ಮನ್ ಅನ್ನುವವನು 'ಬಾಡೆನ್ನಿನ ಮಾರ್ಕ್‌ಗ್ರಾಫ್' ಅಂತ ಬರೆಸಿಕೊಂಡ. ಇಲ್ಲಿ ಕಾಯಲು ಅಂಥ ಗಡಿಯೇ ಇರಲಿಲ್ಲ. ಅವನ ವಂಶದ ಕಾರ್ಲ್ ವಿಲ್ಹೆಲ್ಮ್ 1715ರಲ್ಲಿ ನಮ್ಮ ಕಾರ್ಲ್ಸ್‌ರೂಹೆ ಕಟ್ಟಿಸಿದ. ಅರಮನೆಯ ಗೋಪುರದಿಂದ 32 ದಾರಿಗಳು ಸೂರ್ಯನ ಕಿರಣದ ಹಾಗೆ ಹೊರಡುತ್ತವೆ. ಅವನ ಸಮಾಧಿ ಪೇಟೆಚೌಕದ ನಡುವೆ ಒಂದು ಕೆಂಪು ಕಲ್ಲಿನ ಪಿರಮಿಡ್ಡಿನ ಕೆಳಗಿದೆ. ಟ್ರಾಮ್ ತಪ್ಪಿದಾಗಲೆಲ್ಲ ನಾನು ಅವನ ಪಕ್ಕದಲ್ಲೇ ನಿಂತಿರುತ್ತೇನೆ.

ಅನ್ಸ್‌ಬಾಕ್‌ನ ಕೊನೆಯ ಮಾರ್ಕ್‌ಗ್ರಾಫನದು ಇನ್ನೂ ಮಜಾ. 1791ರಲ್ಲಿ ಇಡೀ ಸೀಮೆಯನ್ನು ಪ್ರಷ್ಯಾಕ್ಕೆ ಬಿಟ್ಟುಕೊಟ್ಟು, ವರ್ಷಕ್ಕೆ 3 ಲಕ್ಷ ಗುಲ್ಡನ್ ಪಿಂಚಣಿ ಗೊತ್ತುಮಾಡಿಕೊಂಡು, ಪ್ರೀತಿಸಿದ ಇಂಗ್ಲಿಷ್ ಹೆಂಗಸಿನ ಜೊತೆ ಇಂಗ್ಲೆಂಡಿಗೆ ಹೋಗಿ ಕುದುರೆ ಸಾಕಿದ. ಗಡಿ ಕಾಯುವ ಪಟ್ಟ ಎಲ್ಲಿಂದ ಎಲ್ಲಿಗೆ ಬಂತು ನೋಡಿ.

ಈಗ ಅಡ್ಡಹೆಸರಿಗೆ ಬರೋಣ. ನಿಜವಾದ ಮಾರ್ಕ್‌ಗ್ರಾಫರಿಗೆ ಅಡ್ಡಹೆಸರೇ ಬೇಕಿರಲಿಲ್ಲ. ಅವರು 'ಇಂಥ ಸೀಮೆಯ ಇಂಥವನು' ಅಷ್ಟೇ. ಅಡ್ಡಹೆಸರು ಬೇಕಾದದ್ದು ಊರಿನಲ್ಲಿ ಹತ್ತು ಜನ ಹಾನ್ಸ್‌ಗಳಿದ್ದಾಗ. ಒಬ್ಬ ಮಾರ್ಕ್‌ಗ್ರಾಫನ ಜಮೀನು ಉಳುತ್ತಿದ್ದ, ಇನ್ನೊಬ್ಬ ಅವನ ಕುದುರೆಲಾಯದಲ್ಲಿ ಸಗಣಿ ಬಾಚುತ್ತಿದ್ದ, ಮತ್ತೊಬ್ಬ ಬಿಡಿಗಾಸಿಲ್ಲದಿದ್ದರೂ ಮಾರ್ಕ್‌ಗ್ರಾಫನ ಹಾಗೆ ಎದೆ ಉಬ್ಬಿಸಿ ನಡೆಯುತ್ತಿದ್ದ. ಊರವರು ಕರೆದರು, ಅಂಟಿಕೊಂಡಿತು. ಜರ್ಮನಿಯ ಬೇರೆ ಅಡ್ಡಹೆಸರುಗಳನ್ನೂ ನೋಡಿ: ಕ್ಯೋನಿಗ್ ಅಂದರೆ ರಾಜ, ಹೆರ್ಟ್ಸೋಗ್ ಅಂದರೆ ಡ್ಯೂಕ್, ಬಿಶೋಫ್ ಅಂದರೆ ಬಿಷಪ್. ಪಾಪ್ಸ್ಟ್ ಅಂದರೆ ಪೋಪ್! ಪೋಪ್‌ನ ವಂಶ ಅಂತ ಯಾರಾದರೂ ಲಾಂಛನ ತರಿಸುತ್ತಾರಾ?

ಕ, ಗ ವಿಷಯ ಸಣ್ಣದು. ಆಗ ಕಾಗುಣಿತಕ್ಕೆ ನಿಯಮ ಇರಲಿಲ್ಲ. ಪಾದ್ರಿ ಕಿವಿಗೆ ಬಿದ್ದ ಹಾಗೆ ಬರೆದ. ಒಂದೇ ಪುಸ್ತಕದಲ್ಲಿ ಒಂದೇ ಮನುಷ್ಯನ ಹೆಸರು ಮೂರು ಥರ ಇರುತ್ತದೆ. 1876ರಿಂದ ಇಡೀ ಜರ್ಮನಿಯಲ್ಲಿ ಹುಟ್ಟು, ಮದುವೆ, ಸಾವು ಸರಕಾರಿ ಕಚೇರಿಯಲ್ಲಿ ದಾಖಲಾಗತೊಡಗಿತು. ಆಮೇಲೆ ಯಾರ ಹೆಸರು ಹೇಗೆ ಬಿತ್ತೋ ಹಾಗೇ ಗಟ್ಟಿಯಾಯಿತು.

ಈಗ ನಿಮ್ಮ ಅಜ್ಜಿಯ ಗಂಡನನ್ನು ಕೆಡವಿದ ಗುಂಡಿ. ಆ 'ಇನ್'. ಆ ಕಾಲದಲ್ಲಿ ಹೆಂಗಸರ ಅಡ್ಡಹೆಸರಿಗೆ 'ಇನ್' ಸೇರಿಸಿ ಬರೆಯುತ್ತಿದ್ದರು. ಲೈಪ್‌ಜಿಗ್‌ನಲ್ಲೇ ನಾಟಕ ಕಂಪನಿ ನಡೆಸಿದ ಕರೋಲಿನೆ ನಾಯ್ಬರ್ ಎಲ್ಲರ ಬಾಯಲ್ಲೂ 'ನಾಯ್ಬೆರಿನ್'. ಕವಿ ಆನ್ನಾ ಲೂಯಿಸಾ ಕಾರ್ಶ್ 'ಕಾರ್ಶಿನ್'. ಹಾಗೆಯೇ ಮಾರ್ಗ್‌ಗ್ರಾಫ್ ಅನ್ನುವ ಮನೆಯ ಯಾವುದೇ ಹೆಂಗಸು 'ಮಾರ್ಗ್‌ಗ್ರೇಫಿನ್'. ಹಾಲು ಮಾರುವವಳಾದರೂ ಸರಿ. ಪಟ್ಟದ ಹೆಣ್ಣುರೂಪ, ಅಡ್ಡಹೆಸರಿನ ಹೆಣ್ಣುರೂಪ ಎರಡೂ ಒಂದೇ ಥರ ಕಾಣುತ್ತವೆ. ಈ ಗುಂಡಿಗೆ ನಾನೂ ಬಿದ್ದಿದ್ದೆ. ಕೈಸರಿನ್ ಅಂತ ಓದಿ ರಾತ್ರಿ ಒಂದು ಗಂಟೆಗೆ ಹೆಂಡತಿಯನ್ನು ಎಬ್ಬಿಸಿದ್ದೆ. ಆ ಮಾತು ಬೇಡ.

ನೀವು ಹೆಸರಿನ ಆಚೀಚೆ ಏನಿದೆ ನೋಡಿ. ನಿಜವಾದ ದೊರೆಸಾನಿ ಸತ್ತಿದ್ದರೆ ಪಾದ್ರಿ 'ಡುರ್ಖ್‌ಲೌಖ್ಟ್' ಅಂತೆಲ್ಲ ಬಿರುದು ಸೇರಿಸಿ ಅರ್ಧ ಪುಟ ಬರೆದಿರುತ್ತಿದ್ದ. ಅಲ್ಲದೆ 1772ರಲ್ಲಿ ಮೈಸೆನ್ನಿನ ಮಾರ್ಕ್‌ಗ್ರಾಫ್ ಅನ್ನುವ ಪಟ್ಟ ಡ್ರೆಸ್ಡೆನ್‌ನಲ್ಲಿದ್ದ ಸ್ಯಾಕ್ಸನಿಯ ದೊರೆಯ ಉದ್ದ ಪಟ್ಟಿಯಲ್ಲಿ ಒಂದು ಸಾಲು, ಅಷ್ಟೇ. 1423ರಿಂದ ಹಾಗೇ. ಬೆಟ್ಟದ ಹಳ್ಳಿಯಲ್ಲಿ ಬೇರೊಬ್ಬ ಮಾರ್ಕ್‌ಗ್ರಾಫ್ ಇರಲು ಸಾಧ್ಯವೇ ಇಲ್ಲ. ಹೆಸರಿನ ಮುಂದಿನ ಸಾಲು ಓದಿ. ಗಂಡನ ಕಸುಬು ಅಲ್ಲೇ ಇರಬೇಕು.

ಒಂದು ಸುಳಿವು: ಆ ಲಿಪಿಯಲ್ಲಿ 'ಇ' ಅಕ್ಷರ ನೋಡಲು 'ಎನ್' ಥರ ಇರುತ್ತದೆ. 'ಯು' ತಲೆ ಮೇಲೆ ಒಂದು ಸಣ್ಣ ಬಿಲ್ಲು ಇರುತ್ತದೆ.

ಸುಮ್ನೆ ಓದುಗ:

ಬಗ್ಗಿದ್ದು ವಾಪಸ್ ತಗೊಂಡೆ.

ಪ್ಯಾರಾಗ್ರಾಫ್:

ನನ್ನ ಹೆಸರಲ್ಲೂ ಗ್ರಾಫ್ ಇದೆ, ಆದರೆ ಸೀಮೆ ಇಲ್ಲ. ಮ್ಯೂನಿಕ್‌ನಲ್ಲಿ ಕಾನೂನು ಓದಿದವಳು, ಆದ್ದರಿಂದ ಒಂದು ಮಾತು ಸೇರಿಸುತ್ತೇನೆ.

ಅಂಚೆ ಡಬ್ಬಿ ನೋಡಿಯೇ ಅರ್ಧ ಉತ್ತರ ಹೇಳಬಹುದಿತ್ತು. ದೊರೆಗಳ ಆಳ್ವಿಕೆ ಹೋದ ಮೇಲೆ ಜರ್ಮನಿಗೆ ಬಂದ 1919ರ ವೈಮಾರ್ ಸಂವಿಧಾನದ 109ನೇ ವಿಧಿ ಕುಲೀನರ ವಿಶೇಷ ಹಕ್ಕುಗಳನ್ನೆಲ್ಲ ತೆಗೆದುಹಾಕಿತು. ಪಟ್ಟಗಳು ಇನ್ನು ಮುಂದೆ ಹೆಸರಿನ ಭಾಗ ಮಾತ್ರ, ಹೊಸದಾಗಿ ಯಾರಿಗೂ ಕೊಡುವಂತಿಲ್ಲ ಅಂದಿತು. ಅದು ಇವತ್ತಿಗೂ ಸಾಮಾನ್ಯ ಕಾನೂನಾಗಿ ಉಳಿದಿದೆ. ಆಸ್ಟ್ರಿಯಾದವರು ಅದೇ ವರ್ಷ ಪಟ್ಟದ ಜೊತೆ 'ಇಂಥ ಊರಿನ' ಅನ್ನುವ ಕುಲೀನರ 'ಫಾನ್' ಅನ್ನೂ ಕಿತ್ತು ಬಿಸಾಡಿದರು. ಜರ್ಮನ್ನರು ಬಿಸಾಡಲಿಲ್ಲ, ಅಡ್ಡಹೆಸರಿನ ಒಳಗೆ ತುರುಕಿದರು.

ಹಾಗಾಗಿ ಇಲ್ಲಿ ಎರಡು ಥರದ ಗ್ರಾಫ್ ಇದ್ದಾರೆ. ಟೆನಿಸ್ ಆಡಿದ ಸ್ಟೆಫಿ ಗ್ರಾಫ್ ಒಂದು. ಆರ್ಥಿಕ ವ್ಯವಹಾರಗಳ ಮಂತ್ರಿಯಾಗಿದ್ದ ಓಟೊ ಗ್ರಾಫ್ ಲಾಂಬ್ಸ್‌ಡೋರ್ಫ್ ಇನ್ನೊಂದು. ಇವರಿಗೆ ಗ್ರಾಫ್ ಆದಮೇಲೆ ಮನೆತನದ ಹೆಸರು ಬರುತ್ತದೆ. ಅಂಥ ಮನೆಯ ಹೆಂಗಸು ಗ್ರಾಫ್ ಅಲ್ಲ, ಗ್ರೇಫಿನ್. ಪತ್ರಕರ್ತೆ ಮಾರಿಯೊನ್ ಗ್ರೇಫಿನ್ ಡ್ಯೋನ್‌ಹೋಫ್ ಹಾಗೆ. ಅಡ್ಡಹೆಸರಾದ ಮೇಲೂ ಹೆಣ್ಣಿಗೆ ಹೆಣ್ಣುರೂಪ ಬಳಸಬಹುದು ಅಂತ 1926ರಲ್ಲಿ ಇಲ್ಲಿನ ಸರ್ವೋಚ್ಚ ನ್ಯಾಯಾಲಯವೇ ಹೇಳಿತು. ಸ್ಟೆಫಿ ಗ್ರಾಫ್ ಗ್ರಾಫ್ ಆಗಿಯೇ ಇರುವುದು ಅದು ಪಟ್ಟವೇ ಅಲ್ಲದ ಕಾರಣ.

ನಿಮ್ಮ ಅಜ್ಜಿಯ ಡಬ್ಬಿ ಮೇಲೆ ಮುಂದೆ 'ಫಾನ್' ಇಂಥ ಊರು ಅಂತಿಲ್ಲ, ಮಾರ್ಕ್‌ಗ್ರೇಫಿನ್ ಅಂತಲೂ ಇಲ್ಲ. ಬರೀ ಮಾರ್ಕ್‌ಗ್ರಾಫ್. ಅಂದರೆ ಸ್ಟೆಫಿ ಕಡೆಯವರು. ಅದೇನೂ ಕಡಿಮೆ ಅಲ್ಲ ಬಿಡಿ.

ಇದರಲ್ಲಿ ನನಗೆ ಇಷ್ಟವಾಗುವ ಒಂದು ಸಂಗತಿ ಇದೆ. ಪಟ್ಟವಂತರ ಪಟ್ಟ ಅಡ್ಡಹೆಸರಾದದ್ದು 1919ರಲ್ಲಿ. ಕುದುರೆಲಾಯದವನ ಮಾರ್ಕ್‌ಗ್ರಾಫ್ ಅದಕ್ಕಿಂತ ನಾನೂರು ಐನೂರು ವರ್ಷ ಮೊದಲೇ ಅಡ್ಡಹೆಸರು. ಬರೀ ಅಡ್ಡಹೆಸರು ಅಂತ ಲೆಕ್ಕ ಹಾಕಿದರೆ ಅಜ್ಜಿಯದೇ ಹಳೇದು. ಬಾಡೆನ್ ಮನೆತನದ ಯಜಮಾನರು ಇವತ್ತಿಗೂ ತಮ್ಮನ್ನು ಮಾರ್ಕ್‌ಗ್ರಾಫ್ ಅಂತ ಕರೆದುಕೊಳ್ಳುತ್ತಾರೆ. ಸರದಿಯಲ್ಲಿ ನಿಂತರೆ ಅವರು ಅಜ್ಜಿಯ ಹಿಂದೆ.

ಲಾಂಛನದ ವಿಷಯ: ಲಾಂಛನ ಒಂದು ಕುಟುಂಬದ್ದು, ಹೆಸರಿನದ್ದಲ್ಲ. ಒಂದೇ ಅಡ್ಡಹೆಸರಿನ ಇಪ್ಪತ್ತು ಸಂಬಂಧವಿಲ್ಲದ ಮನೆಗಳು ಇರುತ್ತವೆ. ಮಾರುವವರಿಗೆ ಅದು ಬೇಕಿಲ್ಲ. ಅಂದಹಾಗೆ ಕೆಂಪು ಹದ್ದು ಬ್ರಾಂಡೆನ್‌ಬುರ್ಗ್‌ನದು. ಮೈಸೆನ್ನಿನದು ಕಪ್ಪು ಸಿಂಹ. ಸುಳ್ಳು ಮಾರುವಾಗಲಾದರೂ ಸರಿಯಾದ ಪ್ರಾಣಿ ಹಾಕಬಾರದಿತ್ತಾ?

ಮೂರನೇ ಮಹಡಿ:

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಸಂಜೆ ಭೂತಗನ್ನಡಿ ಹಿಡಿದು ಅಜ್ಜಿ ಜೊತೆ ಕೂತೆ. ಹಳೇ ಕಾಗದ ಅವರು ಹೇಳಿದ ಹಾಗೆ ಮುಂದಿನ ಸಾಲು ಓದಲು ಹೊರಟೆವು. ಪೆನ್ಸಿಲ್ ಗೆರೆ ಎಳೆದವರು ಅಲ್ಲಿಗೇ ನಿಲ್ಲಿಸಿದ್ದರು. ಬೇಕಾದ್ದು ಸಿಕ್ಕಿತಲ್ಲ, ಮತ್ತೆ ಯಾಕೆ ಓದಬೇಕು ಅಂತ ಇರಬೇಕು.

ಒಂದು ಪದ ಹೀಗೆ ಬಂತು: ಎಲ್, ಎನ್, ಐ, ಎನ್, ಎನ್, ಡಬ್ಲ್ಯೂ, ಎನ್, ಬಿ, ಎನ್, ಆರ್. ಇದ್ಯಾವ ಭಾಷೆ ಅಂತ ಇಬ್ಬರೂ ನಕ್ಕೆವು. ಆಮೇಲೆ ಆ 'ಎನ್' ಸುಳಿವು ನೆನಪಾಯಿತು. ಕೆಲವು ಎನ್‌ಗಳನ್ನು ಅಳಿಸಿ 'ಇ' ಹಾಕುತ್ತಾ ಹೋದೆ. ನಾನು ಮುಗಿಸುವ ಮೊದಲೇ ಅಜ್ಜಿ ಜೋರಾಗಿ ಓದಿದರು: ಲೈನೆವೇಬರ್. ನಾರುಬಟ್ಟೆ ನೇಯುವವನು. ಅದರ ಮುಂದೆ 'ಎಮ್‌ಸ್ಟರ್' ಥರ ಒಂದು ಗುರುತಿದೆ, ಪೂರ್ತಿ ಪದವಲ್ಲ. ಕೊನೆಯಲ್ಲಿ 'ವಿಟ್ವೆ' ಅಂತಿದೆ, ಅಂದರೆ ವಿಧವೆ. ಅದು ನನಗೂ ಗೊತ್ತಾಯಿತು.

ಅಜ್ಜಿ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ನನಗೆ ಹೆದರಿಕೆ ಆಯಿತು. ಆಮೇಲೆ ಅವರು ಎದ್ದು ಹೋಗಿ ಕಪಾಟಿನಿಂದ ಒಂದು ಮೇಜುಬಟ್ಟೆ ತಂದರು. ಗಂಡನ ಅಜ್ಜಿ ಕೊಟ್ಟದ್ದಂತೆ. ನಾರುಬಟ್ಟೆ, ಅಂಚು ಹಳದಿ ಆಗಿದೆ, ಮೂಲೆಯಲ್ಲಿ ಕೆಂಪು ದಾರದಲ್ಲಿ 'ಎಮ್'. ಅದನ್ನು ಹಾಸಿ ಅದರ ಮೇಲೆ ಕಾಫಿ ಇಟ್ಟರು. ಲಾಂಛನ ಇನ್ನೂ ಗೋಡೆ ಮೇಲೇ ಇದೆ. ಮೊಮ್ಮಗನೇ ಬಂದು ತೆಗೆಯಲಿ ಅಂದರು.

ಪ್ರಯೋಗಶಾಲೆ ಇಲಿ:

ಆ ಕಾಫಿಗೆ ಸಕ್ಕರೆ ಹಾಕಿದ್ದರಾ? ಹಾಕಿದ್ದರೆ ಅದರಲ್ಲಿ ಒಬ್ಬ ಮಾರ್ಗ್‌ಗ್ರಾಫ್ ಇದ್ದಾನೆ. ನಾನು ರಸಾಯನಶಾಸ್ತ್ರದವನು, ಇದನ್ನು ಹೇಳದೆ ಇರಲಾರೆ.

ಆಂಡ್ರೆಯಾಸ್ ಸಿಗಿಸ್ಮುಂಡ್ ಮಾರ್ಗ್‌ಗ್ರಾಫ್, ಹುಟ್ಟಿದ್ದು 1709, ಬರ್ಲಿನ್. ಅಪ್ಪನದು ಔಷಧದಂಗಡಿ. ಯಾವ ಸೀಮೆಯೂ ಇಲ್ಲ. 1747ರಲ್ಲಿ ಈತ ಬೀಟ್ ಗೆಡ್ಡೆಯನ್ನು ಸಣ್ಣಗೆ ಹೆಚ್ಚಿ, ಒಣಗಿಸಿ, ಪುಡಿ ಮಾಡಿ, ಖಡಕ್ ಸಾರಾಯಿಯಲ್ಲಿ ಕುದಿಸಿದ. ಸೋಸಿ ಇಟ್ಟ. ಕೆಲವು ವಾರ ಬಿಟ್ಟು ನೋಡಿದರೆ ತಳದಲ್ಲಿ ಹರಳು. ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಕಬ್ಬಿನ ಸಕ್ಕರೆಯ ಹರಳಿಗೂ ಇದಕ್ಕೂ ವ್ಯತ್ಯಾಸವೇ ಇಲ್ಲ. ಅಲ್ಲಿಯವರೆಗೆ ಯುರೋಪಿಗೆ ಸಕ್ಕರೆ ಅಂದರೆ ಹಡಗಿನಲ್ಲಿ ಬರಬೇಕು, ಗುಲಾಮರು ಬೆಳೆದ ಕಬ್ಬು. ಅವನ ಶಿಷ್ಯ ಆಖಾರ್ಡ್ ಇದೇ ದಾರಿಯಲ್ಲಿ ಮುಂದೆ ಹೋಗಿ 1801ರಲ್ಲಿ ಸೈಲೀಸಿಯಾದ ಕುನೆರ್ನ್‌ನಲ್ಲಿ ಪ್ರಪಂಚದ ಮೊದಲ ಬೀಟ್ ಸಕ್ಕರೆ ಕಾರ್ಖಾನೆ ಶುರುಮಾಡಿದ. ಮಾರ್ಗ್‌ಗ್ರಾಫ್ ಅದನ್ನು ನೋಡಲಿಲ್ಲ, 1782ರಲ್ಲೇ ಹೋಗಿದ್ದ.

ನನಗೆ ನಗು ಬರುವುದು ಬೇರೆ ವಿಷಯಕ್ಕೆ. ಈತ ಕೆಲಸ ಮಾಡುತ್ತಿದ್ದದ್ದು ಬರ್ಲಿನ್ ಅಕಾಡೆಮಿಯಲ್ಲಿ. ಅಲ್ಲಿ ದೊರೆ ಪ್ರಷ್ಯಾದ ಫ್ರೀಡ್ರಿಕ್. ಅವನ ಬಿರುದುಗಳಲ್ಲಿ ರಾಜ ಅನ್ನುವುದರ ಹಿಂದೆಯೇ 'ಬ್ರಾಂಡೆನ್‌ಬುರ್ಗ್‌ನ ಮಾರ್ಕ್‌ಗ್ರಾಫ್' ಅಂತ ಬರುತ್ತಿತ್ತು. ಅಂದರೆ ನಿಜವಾದ ಮಾರ್ಕ್‌ಗ್ರಾಫ್ ಹತ್ತಿರ ಹೆಸರಿನ ಮಾರ್ಗ್‌ಗ್ರಾಫ್ ಸಂಬಳಕ್ಕಿದ್ದ.

ಇನ್ನೊಬ್ಬನಿದ್ದಾನೆ, ನಿಮ್ಮ ಸ್ಯಾಕ್ಸನಿಯವನೇ. ಗೇಓರ್ಗ್ ಮಾರ್ಗ್‌ಗ್ರಾಫ್, 1610ರಲ್ಲಿ ಲೀಬ್‌ಸ್ಟಾಟ್‌ನಲ್ಲಿ ಹುಟ್ಟಿದವನು. ಡಚ್ಚರ ಜೊತೆ ಬ್ರೆಜಿಲ್‌ಗೆ ಹೋಗಿ ಅಲ್ಲಿನ ಗಿಡ, ಮೀನು, ಹಕ್ಕಿ ಎಲ್ಲ ಬರೆದಿಟ್ಟ. ಮೂವತ್ತಮೂರು ಮೂವತ್ತನಾಲ್ಕಕ್ಕೇ ಅಂಗೋಲಾದಲ್ಲಿ ತೀರಿಕೊಂಡ. ಅವನ ಹೆಸರಿನಲ್ಲಿ ಮಾರ್ಕ್‌ಗ್ರಾವಿಯಾ ಅನ್ನುವ ಬಳ್ಳಿಗಳ ಕುಲವೇ ಇದೆ. ಅದರಲ್ಲಿ ಕ್ಯೂಬಾದ ಒಂದು ಬಳ್ಳಿ ಹೂವಿನ ಮೇಲೆ ಬಟ್ಟಲಿನಂಥ ಎಲೆ ಎತ್ತಿ ಹಿಡಿಯುತ್ತದೆ. ಬಾವಲಿಯ ಕೂಗು ಆ ಎಲೆಗೆ ಬಡಿದು ವಾಪಸ್ ಹೋಗುತ್ತದೆ. ಕತ್ತಲಲ್ಲಿ ಬಾವಲಿಗೆ ಹೂವು ಬೇಗ ಸಿಗುತ್ತದೆ. ಎಲ್ಲಿಂದ ಎಲ್ಲಿಗೋ ಹೋದೆ, ಕ್ಷಮಿಸಿ. ಆದರೆ ಅಜ್ಜಿಗೆ ಲಾಂಛನ ಬೇಕೇ ಬೇಕಿದ್ದರೆ ಬೀಟ್ ಗೆಡ್ಡೆ ಹಾಕಿಸಲಿ. ಸಂಬಂಧ ಇಲ್ಲದಿದ್ದರೂ ಹದ್ದಿಗಿಂತ ವಾಸಿ.

ಹಳೇ ಕಾಗದ:

'ಎಮ್‌ಸ್ಟರ್' ಅಂದರೆ ಮೈಸ್ಟರ್. ಕೂಲಿಗೆ ನೇಯುವ ಹುಡುಗ ಅಲ್ಲ, ತನ್ನದೇ ಮಗ್ಗ ಇಟ್ಟ, ಕಸುಬಿನ ಸಂಘ ಒಪ್ಪಿದ ಯಜಮಾನ. ಹಳ್ಳಿಯಲ್ಲಿ ಅದಕ್ಕೆ ಬೆಲೆ ಇತ್ತು. ಇದನ್ನು ಅಜ್ಜಿಗೆ ಖಂಡಿತ ಹೇಳಿ. ನನ್ನ ಪೀಪಾಯಿಯವರಲ್ಲಿ ಇಬ್ಬರಿಗೆ ಮಾತ್ರ ಆ ಗುರುತು ಸಿಕ್ಕಿದೆ.

ಮೂರನೇ ಮಹಡಿ:

ಹೇಳಿದೆ. ಮೈಸ್ಟರ್ ಅಂದ ಕೂಡಲೇ ಮುಖ ಅರಳಿತು. ಬೀಟ್ ಗೆಡ್ಡೆ ಲಾಂಛನ ಕೇಳಿ ಕೆಮ್ಮು ಬರುವಷ್ಟು ನಕ್ಕರು. ಹೌದು, ಕಾಫಿಗೆ ಎರಡು ಚಮಚ ಹಾಕುತ್ತಾರೆ.

ಒಂದು ಕೊನೇ ಪ್ರಶ್ನೆ ಉಳಿದಿದೆ. ಆ ಪುಟದಲ್ಲಿ ಬಲಗಡೆ ಒಂದು ಅಂಕಣ ಇದೆ. ವಯಸ್ಸು 54 ಅಂತ ಓದಿದೆವು. ಅದರ ಪಕ್ಕ ಒಂದು ಪದ: ಔಸ್‌ತ್ಸೇರುಂಗ್. ಅದೇ ಪುಟದಲ್ಲಿ ಅದು ಇನ್ನೂ ನಾಲ್ಕು ಸಲ ಬಂದಿದೆ. ಇಡೀ ಪುಟ ಒಂದೇ ತಿಂಗಳದ್ದು, ಹನ್ನೊಂದು ಸಾವು. ಸಣ್ಣ ಹಳ್ಳಿಗೆ ಇದು ಜಾಸ್ತಿ ಅಲ್ವಾ? ಅಜ್ಜಿಯೂ ಆ ಪದ ಏನು ಅಂತ ಸರಿಯಾಗಿ ಹೇಳಲಿಲ್ಲ. ಹಳೇ ಕಾಲದ ಕಾಯಿಲೆ ಅಂದುಬಿಟ್ಟರು.

ಹಳೇ ಕಾಗದ:

ಮೈ ಸವೆದು ಸವೆದು ಹೋಗುವುದು. ಕ್ಷಯ ಆದರೂ ಹಾಗೇ ಬರೆಯುತ್ತಿದ್ದರು, ಹೊಟ್ಟೆಗಿಲ್ಲದೆ ಸತ್ತರೂ ಹಾಗೇ ಬರೆಯುತ್ತಿದ್ದರು. 1770, 1771 ಎರಡೂ ವರ್ಷ ಮಳೆ ನಿಲ್ಲದೆ ಬೆಳೆ ಕೊಳೆಯಿತು. ಎರ್ಟ್ಸ್‌ಗೆಬಿರ್ಗದ ಜನ ಗಣಿ, ಮಗ್ಗ ನಂಬಿದವರು. ತಿನ್ನುವ ಧಾನ್ಯ ಕೊಳ್ಳಬೇಕಿತ್ತು. ಬೆಲೆ ಏರಿತು, ಬಟ್ಟೆ ಕೊಳ್ಳುವವರು ಇಲ್ಲ. 1772ರ ಆ ಪುಸ್ತಕಗಳನ್ನು ನಾನು ನೋಡಿದ್ದೇನೆ. ಬರೆಯುವ ಕೈಯೂ ಅವಸರದಲ್ಲಿರುತ್ತದೆ, ಅಕ್ಷರ ಕೋಳಿ ಕೆದಕಿದ ಹಾಗೆ ಕಾಣುವುದು ಅದಕ್ಕೂ ಇರಬಹುದು.

ಅಜ್ಜಿಗೆ ಆ ಪದ ಗೊತ್ತಿರುತ್ತದೆ. ಕೇಳದಿದ್ದರೆ ನೀವಾಗಿ ಹೇಳಬೇಡಿ.